ಡಿಗ್ರಿ ಕೇಳಿದವರು ಯಾರು?

ನವನೀತನ್ ಯಾವುದನ್ನೂ ಸುಮ್ಮನೆ ಬಿಡುವ ಆಸಾಮಿಯಲ್ಲ. ಬಸ್ಸು ತಡವಾದರೆ ಬೇರೆಯವರು ಗೊಣಗಿಕೊಂಡು ಹತ್ತುತ್ತಾರೆ. ಇವನು ಕಾರಣ ಕೇಳುತ್ತ ಕುನ್ನತ್ತೂರಿನಿಂದ ತಿರುಪ್ಪೂರಿನವರೆಗೆ ಕಂಡಕ್ಟರನ ತಲೆ ತಿನ್ನುತ್ತಾನೆ. ತಮಿಳುನಾಡಿನ ಕನ್ನಡ ನೇಕಾರರ ಮನೆಯವನು, ವಯಸ್ಸು ಮೂವತ್ತೊಂಬತ್ತು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬನಿಯನ್ ಕಂಪನಿ ಸೇರಿದ, ಈಗ ಅಲ್ಲೇ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಒಗೆದ ಮೇಲೆ ಎಷ್ಟು ಕುಗ್ಗುತ್ತದೆಂದು ಹೇಳಿಬಿಡುತ್ತಾನೆ. ಅದನ್ನು ಯಾವ ಕಾಲೇಜೂ ಅವನಿಗೆ ಕಲಿಸಿರಲಿಲ್ಲ.

ಇಂಥವನಿಗೆ ಹೆಂಡತಿ ಇಲಕ್ಕಿಯಾ ಒಂದು ಸಂಜೆ ಕಾಫಿ ಕೊಡುತ್ತ ಒಂದು ಪ್ರಶ್ನೆ ಹಾಕಿದಳು.

ಇಲಕ್ಕಿಯಾ ಅದೇ ಕಂಪನಿಯ ಚೆಕಿಂಗ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅವಳ ಮೇಲೆ ಸೂಪರ್‌ವೈಸರ್ ಆಗಿ ಬಂದ ಮೂವರಿಗೂ ಕೆಲಸ ಹೇಳಿಕೊಟ್ಟವಳು ಅವಳೇ. ಮೂವರೂ ಡಿಗ್ರಿಯವರು, ಅವರಲ್ಲೊಬ್ಬ ಭೂಗೋಳ ಓದಿದವನು. ಭೂಗೋಳಕ್ಕೂ ಬನಿಯನ್ನಿನ ಕುತ್ತಿಗೆಪಟ್ಟಿಗೂ ಏನು ನಂಟೋ ದೇವರೇ ಬಲ್ಲ. ಈಗ ನಾಲ್ಕನೇ ಸಲ ಆ ಜಾಗ ಖಾಲಿಯಾಗಿತ್ತು, ಅರ್ಜಿಗೆ ಶನಿವಾರ ಕೊನೆ. ಅರ್ಜಿಯ ಮೊದಲ ಸಾಲೇ ‘ಯಾವುದಾದರೂ ಒಂದು ಡಿಗ್ರಿ’.

“ಮಾಮಾ, ಹೊಲಿಗೆ ನೋಡೋಕೆ ಡಿಗ್ರಿ ಏನುಕ್ಕೆ? ಯಾರು ಕೇಳಿದ್ದು ಅದನ್ನ?” ಗಂಡನನ್ನು ಅವಳು ಮಾಮಾ ಎಂದೇ ಕರೆಯುವುದು.

“ಎಲ್ಲಾ ಕಡೇನೂ ಅಂಗೇ ತಾನೇ.”

“ಎಲ್ಲಾ ಕಡೇದು ಬೇಡ. ನಮ್ಮ ಕಂಪನೀಲಿ ಯಾರು ಕೇಳಿದ್ದು? ಅದ ವಿಚಾರಿಸ್ಕೊಂಡ್ ಬನ್ನಿ.”

ಅಷ್ಟು ಸಾಕಾಯಿತು, ಹುಳ ತಲೆಗೆ ಹೊಕ್ಕಿತು. ತನ್ನ ಬೀದಿಯನ್ನೇ ನೆನೆಸಿಕೊಂಡ. ಅವನ ವಯಸ್ಸಿನವರಲ್ಲಿ ಕಾಲೇಜು ಕಂಡವರು ಇಬ್ಬರು. ಇಲಕ್ಕಿಯಾಳ ವಯಸ್ಸಿನವರಲ್ಲಿ ಅರ್ಧಕ್ಕರ್ಧ. ಅವರಿಗಿಂತ ಚಿಕ್ಕವರಲ್ಲಿ ಹೋಗದವರೇ ಇಲ್ಲ. ಬೆಳಿಗ್ಗೆ ಕಂಪನಿ ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಾಲೇಜಿನ ಹಳದಿ ಬಸ್ಸುಗಳ ಸಾಲು. ಬಿ.ಕಾಂ. ಅಂದರೇನೆಂದು ಹೇಳಲಾರದ ತಾಯಂದಿರೂ ಬಿ.ಕಾಂ. ಆದರೂ ಆಗಲೇಬೇಕು ಅನ್ನುತ್ತಾರೆ. ಇಷ್ಟು ಜನಕ್ಕೆ ಇದನ್ನು ಹೇಳಿದವರು ಯಾರು?

ಮಾರನೇ ದಿನವೇ ಆಫೀಸಿಗೆ ಹೋದ. ಆಳುಗಳನ್ನು ತೆಗೆದುಕೊಳ್ಳುವ ವಿಭಾಗದ ಶ್ರೀರಂಜನಿ ಕೊಯಮತ್ತೂರಿನವಳು, ಎಂ.ಬಿ.ಎ. ಓದಿದವಳು. ಅವಳ ಮನೆಮಾತೂ ಕನ್ನಡವಾದ್ದರಿಂದ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಾರೆ.

“ನಾನು ಬರೋಕೆ ಮುಂಚೇನೇ ಕಂಪ್ಯೂಟರ್‌ಲಿ ಇತ್ತು ಮಾಸ್ಟರ್. ಫಾರಿನ್ ಬೈಯರ್ ಕೇಳ್ತಾರೇನೋ ಅಂದ್ಕೊಂಡಿದ್ದೆ.”

“ಅಂದ್ಕೊಂಡಿದ್ರಾ, ನೋಡಿದ್ರಾ?”

ಅವಳು ನಕ್ಕಳು. “ನೋಡಬೇಕು ಅಂತ ಅನ್ಸಲೇ ಇಲ್ಲ.”

ಬುಧವಾರ ಬೈಯರ್ ಕಡೆಯಿಂದ ತಪಾಸಣೆಗೆ ಒಬ್ಬರು ಬಂದರು. ಅವರನ್ನೂ ಬಿಡಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ನೋಡುತ್ತೇವೆ, ಕಕ್ಕಸು ನೋಡುತ್ತೇವೆ, ಚಿಕ್ಕ ಮಕ್ಕಳನ್ನು ದುಡಿಸುತ್ತಿಲ್ಲವೆಂದು ನೋಡುತ್ತೇವೆ, ನಿಮ್ಮ ಸೂಪರ್‌ವೈಸರ್ ಏನು ಓದಿದರೆ ನಮಗೇನು ಎಂದು ಅವರು ತಮಿಳಿನಲ್ಲಿ ಹೇಳಿ ಹೋದರು. ನವನೀತನ್‌ಗೆ ಒಳಗೊಳಗೇ ಖುಷಿ. ಯಾರೂ ಕೇಳದ ಡಿಗ್ರಿಯನ್ನು ಎಲ್ಲರೂ ತಂದು ತೋರಿಸುತ್ತಿದ್ದಾರಲ್ಲ!

ಇನ್ನು ಉಳಿದದ್ದು ಚೆನ್ನಿಯಪ್ಪನ್. ಇಪ್ಪತ್ತು ವರ್ಷ ಕಂಪನಿಯ ಗೇಟು ಕಾದು, ಈಗ ಕುನ್ನತ್ತೂರಿನ ಮನೆಯಲ್ಲಿ ಕೂತಿರುವ ಮುದುಕ. ಶುಕ್ರವಾರ ಸಂಜೆ ಅವನ ಜಗಲಿಗೆ ಹೋಗಿ ಕೂತ.

“ಇದ ನನ್ನ ಕೇಳ್ತೀಯಾ ತಂಬಿ? ನೀನೇ ತಾನೇ ಬರ್ದಿದ್ದು.”

ನವನೀತನ್ ನಕ್ಕ. ಮುದುಕ ನಗಲಿಲ್ಲ.

“ದೀಪಾವಳಿ ಆಗಿ ಒಂದ್ ವಾರ. ನಾಕ್ ಜನ ಸೂಪರ್‌ವೈಸರ್ ಬೇಕು ಅಂದಿದ್ದಕ್ಕೆ ಇನ್ನೂರ್ ಜನ ಗೇಟಿಗೆ ಬಂದಿದ್ರು. ಪರೀಕ್ಷೆ ಮಾಡಿ ಆರಿಸು ಅಂತ ಓನರ್ ನಿನ್ನ ಕಳ್ಸಿದ್ರು. ಇಷ್ಟ್ ಜನಾನ ಯಾವಾಗ ನೋಡಿ ಮುಗ್ಸೋದು ಅಂದೆ ನೀನು. ಸೀಮೆಸುಣ್ಣ ತಕ್ಕೊಂಡು ‘ಡಿಗ್ರಿ ಇದ್ದವರು ಮಾತ್ರ’ ಅಂತ ಬೋರ್ಡಲ್ಲಿ ಬರ್ದೆ. ಹದಿನಾರ್ ಜನ ಉಳಿದ್ರು. ಆಮೇಲೆ ಕಂಪ್ಯೂಟರ್ ಬಂತು, ಅದ ಹಂಗೇ ಅದ್ರಲ್ಲಿ ಏರ್ಸಿದ್ರು. ಅವತ್ತೇ ನಾನು ಮನೇಲಿ ಹೇಳ್ದೆ, ಮೊಮ್ಮಗಳನ್ನ ಕಾಲೇಜಿಗೆ ಹಾಕೇ ತೀರ್ಬೇಕು ಅಂತ.”

ನೆನಪು ಬಂತು. ಹದಿಮೂರು ವರ್ಷದ ಹಿಂದಿನ ಮಾತು. ಆ ದಿನ ಯಾರ ಮುಖವನ್ನೂ ಅವನು ಸರಿಯಾಗಿ ನೋಡಿರಲಿಲ್ಲ, ಗುಂಪು ಕರಗಿದರೆ ಸಾಕಾಗಿತ್ತು. ತಿರುಪ್ಪೂರಿನ ಗೇಟು ಗೇಟಿನಲ್ಲೂ ಹೀಗೇ ಒಬ್ಬ ಬೇಸತ್ತವನು ಸೀಮೆಸುಣ್ಣ ಹಿಡಿದಿದ್ದನೋ ಏನೋ. ಒಂದೊಂದು ಬೋರ್ಡು ನೋಡಿ ಹೋದವರು ಒಂದೊಂದು ಬೀದಿಗೆ ಸುದ್ದಿ ಒಯ್ದಿರಬೇಕು. ತಾನು ಹತ್ತನೇ ಕ್ಲಾಸು ಓದಿ ಊರನ್ನೆಲ್ಲ ಡಿಗ್ರಿ ಕೇಳಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮನೆಗೆ ಬಂದು ಹೇಗೋ ಹೇಳಿದ.

“ಗೊತ್ತು ಮಾಮಾ,” ಎಂದಳು ಇಲಕ್ಕಿಯಾ. “ಆ ಇನ್ನೂರ್ ಜನದಲ್ಲಿ ನಾನೂ ಇದ್ದೆ. ನೀವು ನಮ್ಮನೇಗೆ ಹೆಣ್ಣು ನೋಡೋಕೆ ಬಂದ್ರಲ್ಲ, ಅವತ್ತೇ ಗುರುತು ಹಿಡಿದೆ.”

“ಇಷ್ಟ್ ವರ್ಷ ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ಸಮಾಧಾನ ಮಾಡ್ತಿದ್ರಿ. ನನಗೆ ಸಮಾಧಾನ ಬೇಡ. ಬರ್ದವರೇ ಅಳಿಸ್ಲಿ.”

ಶನಿವಾರ ಬೆಳಿಗ್ಗೆ ಓನರ್ ರೂಮಿನಲ್ಲಿ ಒಂದು ತಾಸು ಕೂತ. ಓನರ್ ಒಪ್ಪಿದರು, ಆದರೆ ಎಷ್ಟು ಜನ ಬಂದರೂ ಅಷ್ಟೂ ಜನರನ್ನು ನೀನೇ ಪರೀಕ್ಷೆ ಮಾಡಬೇಕು ಎಂದರು. ಹೆಂಡತಿಯೂ ಅರ್ಜಿ ಹಾಕುವುದರಿಂದ ಅಂಕ ಹಾಕುವುದು ಶ್ರೀರಂಜನಿ ಎಂದಾಯಿತು. ಅವಳು ಕಂಪ್ಯೂಟರಿನಲ್ಲಿ ಆ ಸಾಲು ತೆಗೆದು ಒಂದು ವಾರ ಗಡುವು ಹೆಚ್ಚಿಸಿದಳು.

ಗಡುವು ಮುಗಿದ ಸೋಮವಾರ ಗೇಟಿಗೆ ನೂರ ನಲವತ್ತು ಜನ ಬಂದರು. ಒಬ್ಬೊಬ್ಬರಿಗೂ ತಪ್ಪಿರುವ ಹತ್ತು ಅಂಗಿ ಕೊಟ್ಟು, ಹುಡುಕಿಸಿ, ಕಾರಣ ಕೇಳಿ ನವನೀತನ್‌ನ ಗಂಟಲು ಕಟ್ಟಿತು. ಮೊದಲೇ ಬಂದು ಮುಗಿಸಿಬಿಡು ಎಂದು ಇಲಕ್ಕಿಯಾಳಿಗೆ ಹೇಳಿದ್ದ. ಅವಳು ಕೇಳದೆ ಸಾಲಿನಲ್ಲೇ ನಿಂತಳು. ಕೊನೆಗೆ ಆ ಜಾಗ ಅವಳಿಗೇ ಸಿಕ್ಕಿತು, ಬಚ್ಚಿಟ್ಟ ತಪ್ಪು ಒಂದನ್ನೂ ಅವಳು ಬಿಡಲಿಲ್ಲ. ಆದರೆ ಅವನು ಇಂದಿಗೂ ಮರೆಯದ ಸಂಗತಿ ಬೇರೆ.

ಅವಳ ಸರದಿ ಬಂದಾಗ ಎಲ್ಲರನ್ನೂ ಕೇಳಿದಂತೆ ಹೆಸರು ಕೇಳಿದ. ಹೇಳಿದಳು. ಓದಿನ ಕಾಲಂ ಹಾಳೆಯಲ್ಲಿ ಇರಲೇ ಇಲ್ಲ, ಅವನೂ ಕೇಳಲಿಲ್ಲ.

“ಪ್ಲಸ್ ಟೂ,” ಎಂದು ಅವಳೇ ಹೇಳಿದಳು. “ಸಾವಿರದ ಇನ್ನೂರಕ್ಕೆ ಸಾವಿರದ ನಲವತ್ತೊಂದು ಮಾರ್ಕು.”

ಮದುವೆಯಾದ ಹನ್ನೊಂದು ವರ್ಷದಲ್ಲಿ ಅದು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.