ಕರೆಂಟ್ ಹೋದಾಗ ಬರುವ ಉತ್ತರ

ಬನಹಟ್ಟಿಯ ನೇಕಾರರೊಬ್ಬರ ಮನೆಯಲ್ಲಿ ಸೀರೆ ನೋಡುತ್ತಿದ್ದಾಗ ಕರೆಂಟ್ ಹೋಯಿತು. ಕರೆಂಟಿನಿಂದ ನಡೆಯುವ ಮಗ್ಗಗಳ ಸದ್ದು ನಿಂತಿತು. ನೇಯುತ್ತಿದ್ದ ಹಿರಿಯರು ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಮೊಬೈಲ್ ತೆಗೆದು ಏನೋ ಬರೆಯತೊಡಗಿದರು. ಪಕ್ಕದಲ್ಲೇ ಇದ್ದ ನನ್ನ ಕಣ್ಣು ಪರದೆಯ ಮೇಲೆ ಬಿತ್ತು. ನಾನು ದಿನವೂ ಓದುವ ತಂತ್ರಜ್ಞಾನ ಸುದ್ದಿಯ ಜಾಲತಾಣ, ಅದರ ಚರ್ಚಾ ವಿಭಾಗ. ಅಲ್ಲಿ ಬರೆಯಲು ಅವರಿಟ್ಟುಕೊಂಡಿದ್ದ ಹೆಸರು ‘ಮಲ್ಲಿಗೆ ಮಾವ’.

ಹೋದ ತಿಂಗಳು ನನ್ನ ಲ್ಯಾಪ್‌ಟಾಪ್ ಕೆಟ್ಟಾಗ ಉಪಾಯ ಹೇಳುತ್ತ ಹೇಳುತ್ತ ನಡುವೆಯೇ ಮಾಯವಾಗಿದ್ದ ಈ ಮಲ್ಲಿಗೆ ಮಾವನಿಗೆ, ‘ಅರ್ಧ ಗೊತ್ತಿದ್ದವರು ಉತ್ತರ ಕೊಡಬಾರದು’ ಎಂದು ಎಲ್ಲರೆದುರು ಬರೆದವನು ನಾನೇ. ಉಳಿದರ್ಧ ಮರುದಿನ ಬಂದಿತ್ತು, ಲ್ಯಾಪ್‌ಟಾಪೂ ಸರಿಹೋಗಿತ್ತು. ನಾನು ಮಾತ್ರ ಆ ಮಾತನ್ನು ಹಿಂತೆಗೆದುಕೊಂಡಿರಲಿಲ್ಲ.

ಅಷ್ಟರಲ್ಲಿ ದೀಪ ಹತ್ತಿತು. “ಕರೆಂಟ್ ಬಂತ್ರೀ. ಉಳಿದಿದ್ದು ಮತ್ತ ಹ್ವಾದಾಗ ಬರದ್ರ ಆತು” ಎಂದು ನಕ್ಕು, ಬರೆದ ಅರ್ಧವನ್ನಷ್ಟೇ ಕಳಿಸಿ ಮೊಬೈಲನ್ನು ಗೂಡಿಗಿಟ್ಟು ಮಗ್ಗಕ್ಕೆ ಹೋದರು. ನಾನು ಯಾರೆಂದು ಹೇಳದೆಯೇ ಸೀರೆ ಕೊಂಡು ಹೊರಟೆ.

ಮುಧೋಳದ ಬಸ್ಸಿನಲ್ಲಿ ಕೂತು ಅವರು ಬರೆಯುತ್ತಿದ್ದ ಪುಟ ತೆರೆದೆ. ‘ಅರ್ಧಕ್ಕೇ ಬಿಟ್ಟು ಎಲ್ಲಿ ಹೋದಿರಿ?’ ಎಂದು ಯಾರೋ ಸಿಟ್ಟಿನಿಂದ ಕೇಳಿದ್ದರು. ಕೆಳಗೆ ನಾನು ಬರೆದೆ: ‘ಸ್ವಲ್ಪ ಕಾಯಿರಿ. ಅವರ ಊರಲ್ಲಿ ಈಗ ಕರೆಂಟ್ ಇದೆ.’