ಪ್ರಾರ್ಥನೆ ಮನೆಯವರು ಸೊಪ್ಪು ಹಾಕಿದ ವಾರ

ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದ ಮರುದಿನ ಬೆಳಗ್ಗೆ ಅಮ್ಮ ಜಾರಿ ಬಿದ್ದಳು. ಹುಳು ಪೊರೆ ಬಿಡುವ ಮುಂಚೆ ಏನೂ ತಿನ್ನದೆ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಗೂಡು ಕಟ್ಟುವ ತನಕ, ಸುಮಾರು ಒಂದು ವಾರ, ಅವಕ್ಕೆ ತಿನ್ನುವುದೊಂದೇ ಕೆಲಸ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳದಿದ್ದರೆ ಅಲ್ಲಿಯವರೆಗಿನ ದುಡಿಮೆ ಮಣ್ಣುಪಾಲು. ಸೊಪ್ಪಿನ ಹೊರೆ ಹೊತ್ತು ಹುಳುಮನೆಯ ಮೆಟ್ಟಿಲು ಹತ್ತುತ್ತಿದ್ದವಳು ತೊಡೆಯ ಮೂಳೆ ಮುರಿದುಕೊಂಡಳು.

ಸುಗಟೂರಿನ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ದಿನವೂ ಬಸ್ಸು ಹಿಡಿದು ಕೋಲಾರದ ಶಾಲೆಯೊಂದಕ್ಕೆ ಪಾಠ ಮಾಡಲು ಹೋಗುತ್ತಿದ್ದೆ. ತೋಟ, ಹುಳು ಎಲ್ಲವೂ ಅಮ್ಮನದು. ಅವಳನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿ, ಮಾಲೂರಿನಲ್ಲಿದ್ದ ಸೋದರಮಾವನಿಗೆ ಫೋನು ಮಾಡಿದೆ. ಅವರು ಬರುವುದಕ್ಕೆ ಹತ್ತು ದಿನವಾದರೂ ಬೇಕು ಎಂದರು.

ಅಷ್ಟರಲ್ಲಿ ಪಾದ್ರಿಯವರ ಹೆಂಡತಿ ಡಬ್ಬಿಯಲ್ಲಿ ಗಂಜಿ ತಂದುಕೊಂಡು ವಾರ್ಡಿಗೆ ಬಂದರು. ನಮ್ಮ ತೋಟಕ್ಕೆ ಅಂಟಿಕೊಂಡೇ ತಗಡಿನ ಮಾಡಿನ ಒಂದು ಪ್ರಾರ್ಥನೆ ಮನೆ ಇದೆ. ಅಲ್ಲಿಗೆ ಬರುವ ಕೆಲವೇ ಕುಟುಂಬಗಳಿಗೆ ಇವರ ಗಂಡನೇ ಪಾದ್ರಿ. ಭಾನುವಾರ ಅವರ ಗಾಡಿಗಳು ನಮ್ಮ ಬದುವಿನ ಮೇಲೆ ನಿಲ್ಲುತ್ತವೆಂದು ಅಮ್ಮ ಹಿಂದೆ ದೊಡ್ಡ ಜಗಳವನ್ನೇ ತೆಗೆದಿದ್ದಳು. ಅವರು ಎದುರಾಡದೆ ಗಾಡಿಗಳನ್ನು ರಸ್ತೆಯಾಚೆ ನಿಲ್ಲಿಸತೊಡಗಿದರು. ಆದರೂ ಅಮ್ಮ ಆ ಕಡೆ ತಿರುಗಿ ನೋಡುತ್ತಿರಲಿಲ್ಲ.

"ಹುಳಕ್ಕೆ ಸೊಪ್ಪು ಯಾರ್ ಹಾಕ್ತಿದ್ದಾರಮ್ಮಾ?" ಎಂದು ಆಕೆ ಕೇಳಿದರು. ನನಗೆ ಅಳು ಬಂತು. "ನೀನು ಕೀಲಿ ಕೊಡು. ನಮ್ದು ರಾಯಲ್ಪಾಡು. ನಮ್ಮಪ್ಪನ ಮನೇಲೂ ಹುಳ ಸಾಕ್ತಿದ್ರು," ಎಂದರು. ಬ್ಯಾಗಿನಿಂದ ಕೀಲಿ ತೆಗೆದುಕೊಟ್ಟೆ.

ಆಪರೇಷನ್ ಮುಗಿದು ಎಚ್ಚರವಾದಾಗ ಅಮ್ಮ ಮೊದಲು ಕೇಳಿದ್ದೇ ಹುಳುವಿನ ವಿಷಯ. ಹೇಳಿದೆ. "ಅವ್ರ ಕೈಗೆ ಕೀಲಿ ಕೊಟ್ಯಾ? ಕೈ ತೊಳ್ಕೊಂಡು ಒಳಗೋಗ್ತಾರೇನೇ ಅವ್ರು?" ಎಂದು ನನ್ನನ್ನೇ ಬೈದಳು.

ಐದನೇ ದಿನ ಮನೆಗೆ ಬಂದೆವು. ಅಮ್ಮ ಕೂತಿದ್ದ ಗಾಲಿಕುರ್ಚಿಯನ್ನು ನಾನೂ ಪಾದ್ರಿಯವರೂ ಎತ್ತಿಕೊಂಡು ಹುಳುಮನೆಯ ಬಾಗಿಲ ತನಕ ಹೋದೆವು. ಒಳಗೆ ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಹನಿದಂತೆ. ಅಮ್ಮ ಕಣ್ಣು ಮುಚ್ಚಿ ಆ ಸದ್ದನ್ನು ಬಹಳ ಹೊತ್ತು ಕೇಳಿದಳು. ಆಮೇಲೆ ಪಾದ್ರಿಯವರ ಕಡೆ ತಿರುಗಿ, "ಕಡ್ಡಿ ಇಷ್ಟು ಉದ್ದ ಬಿಟ್ಟು ಕೊಯ್ತಾರೇನ್ರೀ ಯಾರಾದ್ರೂ?" ಎಂದಳು. ಆ ಮನುಷ್ಯನ ಅಂಗೈ ತುಂಬ ಬೊಬ್ಬೆ ಎದ್ದಿತ್ತು. "ನಾಳೆಯಿಂದ ಸರಿಯಾಗಿ ಕೊಯ್ತೀನಮ್ಮ," ಎಂದರು.

ಆ ಭಾನುವಾರ ಬೆಳಗ್ಗೆಯೇ ಹುಳು ಹಣ್ಣಾಯಿತು. ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ಜಾಗ ಹುಡುಕುವ ಹುಳುಗಳನ್ನು ಒಂದೊಂದಾಗಿ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗಳಿಗೆ ಕೂಡಲೇ ಬಿಡಬೇಕು. ಆ ದಿನ ಎಷ್ಟು ಕೈ ಇದ್ದರೂ ಸಾಲದು. ಪಕ್ಕದಲ್ಲಿ ಪ್ರಾರ್ಥನೆ ಆಗಷ್ಟೇ ಶುರುವಾಗಿತ್ತು. ಕರೆಯಲು ನನಗೆ ಸಂಕೋಚ, ಒಬ್ಬಳೇ ಆರಿಸತೊಡಗಿದೆ. ಬೆಳಗಿನ ಸೊಪ್ಪು ಹಾಕಿ ಹೋಗಿದ್ದ ಪಾದ್ರಿಯವರ ಹೆಂಡತಿ ಹೇಳಿದ್ದರೇನೋ, ಎರಡು ಹಾಡಾಗುತ್ತಲೇ ಸದ್ದು ನಿಂತಿತು. ನೋಡಿದರೆ ಸಭೆಗೆ ಸಭೆಯೇ ನಮ್ಮ ಬದುವಿನ ಮೇಲೆ ಸಾಲಾಗಿ ಬರುತ್ತಿತ್ತು.

ಜಗಲಿಯಲ್ಲಿ ಹಾಕಿದ್ದ ಮಂಚದ ಮೇಲಿಂದಲೇ ಅಮ್ಮ ಅವರನ್ನು ತಡೆದಳು. "ಹೂವು ತೆಗೀರಿ. ಹುಳಕ್ಕೆ ವಾಸನೆ ಆಗಲ್ಲ. ಪೌಡರ್ ಹಾಕ್ಕೊಂಡಿರೋರು ಮುಖ ತೊಳ್ಕೊಂಡು ಬನ್ನಿ." ಹೆಂಗಸರು ಮಲ್ಲಿಗೆ ತೆಗೆದು ಕಾಂಪೌಂಡಿನ ಗೋಡೆಯ ಮೇಲಿಟ್ಟು, ನಗುತ್ತ ಮುಖ ತೊಳೆದು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿದ್ದವು.

ನಾನು ಕಾಫಿ ಕೊಡುತ್ತಿದ್ದಾಗ ಅಮ್ಮ ಪಾದ್ರಿಯವರ ಹೆಂಡತಿಯನ್ನು ನೇರವಾಗಿ ಕೇಳಿಯೇಬಿಟ್ಟಳು: "ಇಷ್ಟೆಲ್ಲ ಮಾಡ್ತಿದ್ದೀರಲ್ಲ, ನಮ್ಮನ್ನ ನಿಮ್ಮ ಕಡೆ ಸೇರಿಸ್ಕೊಳ್ಳೋಕಾ?"

ನನಗೆ ತಲೆ ತಗ್ಗಿಸುವಂತಾಯಿತು. ಆಕೆ ಬೇಸರಿಸಲಿಲ್ಲ. "ಇಲ್ಲಮ್ಮ. ಪಕ್ಕದ ಮನೇಲಿ ನೀವು ಕಷ್ಟದಲ್ಲಿರುವಾಗ ನಾವು ಕಣ್ಣು ಮುಚ್ಕೊಂಡು ದೇವ್ರನ್ನ ಏನಂತ ಕೇಳೋದು? ಸೊಪ್ಪು ಹಾಕಿ ಬಂದ್ರೆ ಪ್ರಾರ್ಥನೆಗೆ ಕೂರೋಕೆ ಮನಸ್ಸು ಬರುತ್ತೆ," ಎಂದರು. ಅಮ್ಮ ಆಕೆಯ ಲೋಟ ಖಾಲಿಯಾದದ್ದು ನೋಡಿ, "ಇನ್ನೊಂಚೂರು ಹಾಕೇ ಅವ್ರಿಗೆ," ಎಂದಳು.

ಗೂಡು ಚೆನ್ನಾಗಿಯೇ ಆಯಿತು. ನಾವು ಅವರ ಸಭೆಗೆ ಸೇರಲಿಲ್ಲ, ಅವರೂ ಕರೆಯಲಿಲ್ಲ. ಹಬ್ಬಕ್ಕೆ ನಮ್ಮ ಒಬ್ಬಟ್ಟು ಆ ಕಡೆಗೂ, ಕ್ರಿಸ್‌ಮಸ್ಸಿಗೆ ಅವರ ಕಜ್ಜಾಯ ಈ ಕಡೆಗೂ ಹೋಗಿ ಬರತೊಡಗಿದವು.

ಅಮ್ಮ ಕೋಲೂರಿಕೊಂಡು ನಡೆಯುವಂತಾದ ಮೇಲೆ ಊರಿನ ಕೊನೆಯ ಬಾಡಿಗೆ ಮನೆಗೆ ನಂಗಲಿ ಕಡೆಯಿಂದ ಒಬ್ಬ ಲಾರಿ ಡ್ರೈವರ್ ಸಂಸಾರ ಬಂತು. ಹೆಂಡತಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿ ಹದಿನೈದು ದಿನವಷ್ಟೇ ಆಗಿತ್ತು, ಬಾಣಂತನಕ್ಕೆ ತಾಯಿ ಇರಲಿಲ್ಲ. ಸಭೆಯ ಹೆಂಗಸರು ಸರದಿ ಹಾಕಿಕೊಂಡು ಅಡುಗೆ ಮಾಡಿಕೊಡುತ್ತಿದ್ದಾರೆಂದು ತಿಳಿದ ದಿನ ಅಮ್ಮ ಸೆರಗು ಸಿಕ್ಕಿಸಿ ಹೊರಟು ನಿಂತಳು.

"ಎಲ್ಲಿಗಮ್ಮ, ಈ ಕಾಲಲ್ಲಿ?"

"ಅಡುಗೆ ಮಾಡ್ತಾರೆ, ಸರಿ. ಎಳೇ ಕೂಸಿಗೆ ನೀರು ಹಾಕೋದು ಅವ್ರಿಗೆ ಬರುತ್ತಾ? ಹರಳೆಣ್ಣೆ ಎತ್ಕೊಡು."

ಒಂದು ತಿಂಗಳು ದಿನವೂ ಹೋದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಚಾಚಿದ ಕಾಲುಗಳ ಮೇಲೆ ಒಂದೊಂದೇ ಕೂಸನ್ನು ಮಲಗಿಸಿಕೊಂಡು, ಪಾದ್ರಿಯವರ ಹೆಂಡತಿಯಿಂದ ಬಿಸಿನೀರು ಹುಯ್ಯಿಸಿಕೊಳ್ಳುತ್ತ, ಅವರು ಚೊಂಬು ಬಗ್ಗಿಸುವ ರೀತಿಯನ್ನೂ ತಿದ್ದುತ್ತಿದ್ದಳು.