ಹಂಚಿನ ಮೇಲಿನ ಸೀತನಿ

ಹೊಲದಲ್ಲಿ ಬೆಂಕಿ ಹೊತ್ತಿದಾಗ ಮಧ್ಯಾಹ್ನ ಮೂರು ಇಪ್ಪತ್ತು. ಅಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದು ತಿಳಿದರೆ ನೀವು ನಗುತ್ತೀರಿ: ಉದಗೀರದ ಬಸ್ಸು ತಪ್ಪೀತೆಂದು ಗಡಿಯಾರ ನೋಡುತ್ತಿದ್ದೆ. ಮೊನ್ನೆ ನಮ್ಮ ಓಣಿಯಲ್ಲಿ ಯಾರೋ ಕಾಗದದ ಕಸಕ್ಕೆ ಕಡ್ಡಿ ಗೀರಿದರು. ಆ ವಾಸನೆಗೆ ಚಹಾ ಅಲ್ಲೇ ಬಿಟ್ಟು ಎದ್ದು ನಿಂತೆ, ಓಡಲು ದಿಕ್ಕು ಹುಡುಕುವವನ ಹಾಗೆ.

ಕಳೆದ ಚಳಿಗಾಲದಲ್ಲಿ ಕಾಲೇಜಿನ ಗೆಳೆಯರನ್ನು ಕೂಡಿಕೊಂಡು ನಿಲಂಗಾದ ಹತ್ತಿರ ಸೋದರಮಾವನ ಹೊಲಕ್ಕೆ ಸೀತನಿ ತಿನ್ನಲು ಹೋಗಿದ್ದೆ. ಎಳೆ ಜೋಳದ ತೆನೆಯನ್ನು ಗುಂಡಿಯೊಳಗಿನ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಕಾಳನ್ನು ಶೇಂಗಾ ಚಟ್ನಿಯೊಡನೆ ಬಾಯಿಗೆ ಹಾಕಿಕೊಳ್ಳುವ ಸುಖ ಬೇರೆಯೇ. ಮಾವನಿಗೆ ಅವತ್ತು ಹಬ್ಬ.

"ಪ್ಯಾಟಿ ಮಂದಿ ಒಂದು ತೆನಿ ತಿಂತಾರ, ಹತ್ತು ಫೋಟೋ ತೆಗೀತಾರ. ತಿನ್ರಿ ಸರ, ಫೋಟೋದಾಗ ಹೊಟ್ಟಿ ತುಂಬಂಗಿಲ್ಲ!"

ತಿಂದಾದ ಮೇಲೆ ಮಾವ ಕೆಂಡದ ಕುಣಿಯ ಮೇಲೆ ಬೂದಿ ಎಳೆದ. ನಮ್ಮ ಕಡೆ ಕುಣಿ ಆರಿಸುವುದಿಲ್ಲ. ಸಂಜೆ ಇನ್ನೊಂದು ಸುತ್ತಿಗಿರಲೆಂದು ಕೆಂಡವನ್ನು ಬೂದಿಯೊಳಗೆ ಮಲಗಿಸುತ್ತೇವೆ. ಇದು ಗೆಳೆಯ ಸಂದೀಪನಿಗೆ ಗೊತ್ತಿರಲಿಲ್ಲ. ನಮ್ಮೊಳಗೆ ಅವನೇ ಶಿಸ್ತಿನವ. ಬದುವಿನ ಮೇಲಷ್ಟೇ ನಡೆದಿದ್ದ, ಒಂದು ಪೈರೂ ತುಳಿದಿರಲಿಲ್ಲ. "ನಾವು ಹೋದ ಮ್ಯಾಲ ಹೊಲದಾಗ ಒಂದು ಕಾಗದ ಉಳೀಬಾರದು" ಎಂದು ಎಲ್ಲರ ಕಾಗದದ ತಟ್ಟೆ ಕೂಡಿಸಿ, ತಣ್ಣಗೆ ಕಂಡ ಆ ಕುಣಿಗೆ ಹಾಕಿದ.

ಗಾಳಿ ಬೀಸಿ, ಬೂದಿ ಹಾರಿ ಕೆಂಡ ಕೆರಳಿತು. ಉರಿಯುವ ತಟ್ಟೆಯೊಂದು ಹಾರಿ ಮೇವಿನ ಬಣವಿಯ ಮೇಲೆ ಬಿತ್ತು. ಬಣವಿಯ ನೆರಳಲ್ಲಿ ಗಬ್ಬದ ದೇವಣಿ ತಳಿಯ ಆಕಳು ಕಟ್ಟಿತ್ತು.

"ಗೌರೀ!" ಎಂದು ಆಕಳ ಹೆಸರು ಕೂಗುತ್ತ ಮಾವ ಹೊಗೆಯೊಳಗೆ ಓಡಿದ.

"ಬ್ಯಾಡ್ರೀ, ನೀವು ಹೋಗಬ್ಯಾಡ್ರೀ!" ಅತ್ತಿ ಅವನ ಅಂಗಿ ಹಿಡಿದಳು, ಹರಿದ ತುಂಡು ಕೈಯಲ್ಲೇ ಉಳಿಯಿತು.

ಓದಿದವರೆಲ್ಲ ಕೊಡ ಎಲ್ಲಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಮಾವ ಹಗ್ಗ ಬಿಚ್ಚಿ ಆಕಳನ್ನು ಹೊರಗೆಳೆದು ತಂದ. ಅವನ ಅಂಗೈ ಬೆಂದಿತ್ತು. ಆಕಳ ಬೆನ್ನು ನೋಡಲಾಗುತ್ತಿರಲಿಲ್ಲ. ಆ ವಾರವೇ ಅದು ಹೋಯಿತು, ಹೊಟ್ಟೆಯ ಕರುವಿನ ಸಮೇತ.

ಸಂದೀಪ ಅಳುತ್ತ ಕಾಲಿಗೆ ಬಿದ್ದಾಗ ಮಾವ ಅಂದದ್ದಿಷ್ಟೇ: "ಏಳೋ ತಮ್ಮಾ. ಸ್ವಚ್ಛ ಮಾಡ್ಲಾಕ ಹೋಗಿದ್ದಿ." ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತೇನೋ. ಹೊಲದಲ್ಲಿ ಕಸ ಬಿಡಬಾರದೆಂದು ನಾವು ಕಲಿತಿದ್ದೆವು. ಎಲ್ಲಿ ಹಾಕಲಿ ಎಂದು ಹೊಲದವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಓಣಿಯ ಆ ಹೊಗೆ ಮೂಗಿನಿಂದ ಹೋಗದೆ ಈ ಭಾನುವಾರ ಮಾವನ ಮನೆಗೆ ಹೋದೆ. ಮತ್ತೆ ಸೀತನಿಯ ಕಾಲ. ಹೊಲಕ್ಕೆ ಹೋಗೋಣವೆಂದು ಯಾರೂ ಅನ್ನಲಿಲ್ಲ. ಅತ್ತಿ ಅಡುಗೆಮನೆಯಲ್ಲೇ ಕಾಳು ಬಿಡಿಸಿ, ಹಂಚಿನ ಮೇಲೆ ಹುರಿದು ಬಟ್ಟಲಲ್ಲಿ ತಂದಿಟ್ಟಳು. ಮಾವನ ಅಂಗೈ ಈಗ ಪೂರ್ತಿ ಮಡಚುವುದಿಲ್ಲ, ಚಮಚದಿಂದ ತಿಂದ.

"ಹ್ಯಾಂಗದ ಮಾವ?"

"ಹೊಗಿ ಇಲ್ಲಲ್ಲ, ರುಚಿ ಇಲ್ಲ." ಬಟ್ಟಲು ಕೆಳಗಿಟ್ಟು ಅಂದ, "ಆದ್ರ ಎಲ್ಲಿ ಕೆಂಡ ಉಳಿದದೋ ಅಂತ ರಾತ್ರಿ ಎದ್ದೆದ್ದು ಕೂಡೂದು ತಪ್ಪತದ. ನಿದ್ದಿ ಬರ್ತದ."

ನನ್ನ ಹಾಗೆ ಅವನೂ ಎದ್ದು ಕೂಡುತ್ತಿದ್ದ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವತ್ತು ರಾತ್ರಿ ಅವನ ಪಕ್ಕದಲ್ಲೇ ಹಾಸಿಕೊಂಡು, ಬೆಳಕು ಹರಿಯುವ ತನಕ ಒಮ್ಮೆಯೂ ಏಳದೆ ಮಲಗಿದೆ.